ಓದುಗರ ಪ್ರಶ್ನೆ, ನಮ್ಮ ಉತ್ತರ: ಒಕಿನಾವಾದಲ್ಲಿ ಬೇಸಿಗೆ ರಜೆ

ಪ್ರಶ್ನೆ: ಮಗಳು, ಅಳಿಯ ಟೋಕಿಯೊದಲ್ಲಿದ್ದಾರೆ. ಈ ಬೇಸಿಗೆಯಲ್ಲಿ ನಮ್ಮನ್ನು ಕರೆಸಿಕೊಂಡು ಒಂದು ವಾರದ ಮಟ್ಟಿಗೆ ಒಕಿನಾವಾ ದ್ವೀಪಕ್ಕೆ ಕರೆದೊಯ್ಯುವ ಯೋಚನೆ ಅವರದು. ಆಗಸ್ಟ್‌ನಲ್ಲಿ ಹೋಗಬಹುದೇ? ಏನನ್ನು ತಪ್ಪದೆ ನೋಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಿನಾಂಕವನ್ನು ಹಿಂದೆ ಮುಂದೆ ಮಾಡಲು ಸಾಧ್ಯವಿದ್ದರೆ ಜೂನ್ ಕೊನೆಯ ವಾರ ಅಥವಾ ಜುಲೈ ಮೊದಲ ವಾರವನ್ನು ಆರಿಸಿಕೊಳ್ಳಿ. ಒಕಿನಾವಾದಲ್ಲಿ ಮೇ ತಿಂಗಳಲ್ಲಿ ಹಿಡಿಯುವ ಮಳೆ ಸಾಮಾನ್ಯವಾಗಿ ಜೂನ್ ಮೂರನೆಯ ವಾರದ ಹೊತ್ತಿಗೆ ಬಿಡುತ್ತದೆ. ಜಪಾನಿನ ಶಾಲೆಗಳಿಗೆ ರಜೆ ಶುರುವಾಗುವುದು ಜುಲೈ 20ರ ಆಸುಪಾಸಿನಲ್ಲಿ. ನಡುವಿನ ಈ ದಿನಗಳಲ್ಲಿ ಆಕಾಶ ತಿಳಿಯಾಗಿದ್ದು ಜನಸಂದಣಿಯೂ ಕಡಿಮೆ ಇರುತ್ತದೆ. ಆಗಸ್ಟ್ ತೈಫೂನುಗಳ ತಿಂಗಳು. ಒಂದು ತೈಫೂನು ಹತ್ತಿರ ಬಂದರೂ ವಿಮಾನ, ದೋಣಿ ಎರಡೂ ನಿಲ್ಲುತ್ತವೆ. ಆಗಲೇ ಹೋಗಬೇಕಾದರೆ, ನೀವು ಭಾರತಕ್ಕೆ ಮರಳುವ ವಿಮಾನಕ್ಕೂ ಒಕಿನಾವಾದಿಂದ ಹೊರಡುವ ದಿನಕ್ಕೂ ನಡುವೆ ಕನಿಷ್ಠ ಎರಡು ದಿನ ಬಿಡುವು ಇಟ್ಟುಕೊಳ್ಳಲು ಮಗಳಿಗೆ ಹೇಳಿ.

ಇದು 1879ರವರೆಗೆ ರ‍್ಯೂಕ್ಯು ಎಂಬ ಪ್ರತ್ಯೇಕ ರಾಜ್ಯವಾಗಿದ್ದ ನಾಡು. ಆ ದೊರೆಗಳ ಶುರಿ ಕೋಟೆ ನಾಹಾ ನಗರದಲ್ಲಿದೆ. ಅದರ ಮುಖ್ಯ ಅರಮನೆ 2019ರ ಅಕ್ಟೋಬರ್ 31ರ ಬೆಂಕಿಯಲ್ಲಿ ಸುಟ್ಟುಹೋಗಿ, ಬಳಿಕ ಮರುನಿರ್ಮಾಣಕ್ಕೆ ಕೈಹಾಕಲಾಯಿತು. ಉತ್ತರದ ಮೊತೊಬುವಿನಲ್ಲಿರುವ ಚುರಾಉಮಿ ಮತ್ಸ್ಯಾಲಯದ ದೊಡ್ಡ ತೊಟ್ಟಿಯಲ್ಲಿ ತಿಮಿಂಗಿಲ ಶಾರ್ಕ್‌ಗಳು ತಲೆಯ ಮೇಲಿಂದ ನಿಧಾನವಾಗಿ ಸಾಗುವುದನ್ನು ನೋಡುವುದು ಎಲ್ಲ ವಯಸ್ಸಿನವರಿಗೂ ಹಬ್ಬ. ಆದರೆ ಒಂದೇ ಜಾಗಕ್ಕೆ ಸಮಯವಿದ್ದರೆ ನಾನು ಕಳುಹಿಸುವುದು ದಕ್ಷಿಣದ ಮಬುನಿಗೆ. 1945ರ ಯುದ್ಧದಲ್ಲಿ ಸತ್ತ 2.4 ಲಕ್ಷಕ್ಕೂ ಹೆಚ್ಚು ಜನರ ಹೆಸರುಗಳನ್ನು, ಯಾವ ದೇಶದವರು, ಸೈನಿಕರೋ ಸಾಮಾನ್ಯರೋ ಎಂಬ ಭೇದವಿಲ್ಲದೆ, ಸಮುದ್ರದಂಚಿನ ಕಪ್ಪು ಕಲ್ಲುಗಳ ಮೇಲೆ ಅಲ್ಲಿ ಕೆತ್ತಿದ್ದಾರೆ. ಜೂನ್ 23 ಅವರ ಸ್ಮರಣೆಯ ದಿನ. ಅಂದು ಮನೆಮಂದಿ ಬಂದು ತಮ್ಮವರ ಹೆಸರಿನ ಮುಂದೆ ಹೂವಿಟ್ಟು ಕೈಮುಗಿಯುತ್ತಾರೆ.

ನಾಹಾದ ಮಾನೊರೈಲು ಬಿಟ್ಟರೆ ದ್ವೀಪದಲ್ಲಿ ರೈಲಿಲ್ಲ, ಹಾಗಾಗಿ ಕಾರು ಬೇಕಾಗುತ್ತದೆ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯಲ್ಲೇ ಓಡಿಸುವುದು.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಗೆ ಅಭ್ಯಂತರವಿಲ್ಲ. ಅಲ್ಲಿನ ಊಟ ನಮಗೆ ಒಗ್ಗುತ್ತದೆಯೇ, ಇಲ್ಲವೇ ವಾರಕ್ಕಾಗುವಷ್ಟು ಅವಲಕ್ಕಿ, ಚಟ್ನಿಪುಡಿ ಒಯ್ಯಬೇಕೇ?
– ಅದೇ ಓದುಗರು

ಉತ್ತರ: ಚಟ್ನಿಪುಡಿ ಒಯ್ಯಿರಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಅಲ್ಲಿನ ಅಡುಗೆಯಲ್ಲಿ ಹಂದಿಮಾಂಸಕ್ಕೇ ಮೊದಲ ಮಣೆಯಾದರೂ ಅದು ಕಣ್ಣಿಗೆ ಕಾಣುವುದರಿಂದ ಬದಿಗಿಡಬಹುದು. ಕಾಣದೆ ಬೆರೆತಿರುವುದು ಕಟ್ಸುವೊ ಎಂಬ ಮೀನನ್ನು ಒಣಗಿಸಿ, ಹೆರೆದು, ಕುದಿಸಿ ತೆಗೆದ ‘ದಾಶಿ’ ಎಂಬ ಸಾರು. ಬರಿಯ ತರಕಾರಿಯಂತೆ ತೋರುವ ಪಲ್ಯದಲ್ಲೂ ಅದಿರುತ್ತದೆ. ಒಕಿನಾವಾ ಸೋಬಾ ಎಂಬ ಗೋಧಿ ಶಾವಿಗೆಯನ್ನು ಹಂದಿಯ ಮೂಳೆ ಮತ್ತು ಈ ಮೀನಿನ ಸಾರಿನಲ್ಲೇ ಬಡಿಸುವುದರಿಂದ ಅದನ್ನು ಬಿಟ್ಟುಬಿಡಿ. ಮಾಂಸ, ಮೀನು, ಮೀನಿನ ಹೆರಕಲು, ದಾಶಿ ಇವು ಬೇಡವೆಂದು ಮಗಳಿಂದ ಜಪಾನಿಯಲ್ಲಿ ಒಂದು ಚೀಟಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ಬಾಯಿಮಾತಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಸಂತೋಷದ ಸಂಗತಿ: ಒಕಿನಾವಾದ ಬೇಸಿಗೆಯ ತರಕಾರಿ ನಮ್ಮ ಹಾಗಲಕಾಯಿ. ಅಲ್ಲಿ ಅದು ‘ಗೋಯಾ’. ನಮ್ಮದಕ್ಕಿಂತ ದಪ್ಪ, ಮೈಮೇಲಿನ ಗಂಟುಗಳು ಚೂಪಾಗಿರದೆ ದುಂಡಗೆ. ಕಾಯನ್ನು ಉದ್ದಕ್ಕೆ ಸೀಳಿ, ಚಮಚದಿಂದ ತಿರುಳು, ಬೀಜ ಕೆರೆದು ತೆಗೆದು, ಅರ್ಧಚಂದ್ರಾಕಾರಕ್ಕೆ ತೆಳುವಾಗಿ ಹೆಚ್ಚಿ, ಉಪ್ಪು ತಿಕ್ಕಿಡುತ್ತಾರೆ. ದ್ವೀಪದ ಗಟ್ಟಿ ತೋಫುವನ್ನು (ಸೋಯಾ ಹಾಲಿನಿಂದ ಮಾಡಿದ, ಪನೀರಿನಂಥದು) ಕೈಯಿಂದಲೇ ಮುರಿದು ಬಾಣಲೆಯಲ್ಲಿ ಕೆಂಪಗೆ ಹುರಿದು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಹಾಗಲವನ್ನು ಬಾಡಿಸಿ, ಕೊನೆಗೆ ತೋಫು ಮರಳಿ ಸೇರಿಸಿ ಒಡೆದ ಮೊಟ್ಟೆ ಸುರಿದು ಕೈಯಾಡಿಸಿದರೆ ‘ಗೋಯಾ ಚಂಪುರು’ ಸಿದ್ಧ. ಚಂಪುರು ಎಂದರೆ ಬೆರಕೆ. ಹುಣಸೆಹಣ್ಣು, ಬೆಲ್ಲ ಹಾಕಿ ಗೊಜ್ಜಿನಲ್ಲಿ ಕಹಿ ಮುರಿಯುವ ನಮ್ಮ ರೂಢಿ ಅಲ್ಲಿಲ್ಲ. ಕಹಿಯನ್ನು ಕಹಿಯಾಗಿಯೇ ಉಣ್ಣುತ್ತಾರೆ. ಮೊದಲ ತುತ್ತಿಗೆ ಮುಖ ಕಿವುಚುವಂತಾದರೂ ಬೆವರು ಸುರಿಯುವ ಮಧ್ಯಾಹ್ನದಲ್ಲಿ ನಾಲ್ಕನೆಯ ತುತ್ತಿಗೆ ಅದು ಹಿಡಿಸುತ್ತದೆ. ಹಂದಿಮಾಂಸ ಮತ್ತು ಮೇಲುದುರಿಸುವ ಮೀನಿನ ಹೆರಕಲು ಬೇಡವೆಂದು ಮೊದಲೇ ಹೇಳಬೇಕು.

ಬೆಲ್ಲವೂ ಸಿಗುತ್ತದೆ! ‘ಕೊಕುತೊ’ ಎಂಬ ಅಲ್ಲಿನ ಕಪ್ಪು ಸಕ್ಕರೆ ಕಬ್ಬಿನ ಹಾಲಿಗೆ ಸುಣ್ಣ ಹಾಕಿ ಕುದಿಸಿ ಗಟ್ಟಿ ಮಾಡಿದ್ದು, ಆಲೆಮನೆ ಕಂಡವರಿಗೆ ವಿವರಣೆ ಬೇಡ. ಎಂಟು ಚಿಕ್ಕ ದ್ವೀಪಗಳಲ್ಲಿ ಅದನ್ನು ತಯಾರಿಸುತ್ತಾರೆ, ಒಂದೊಂದು ದ್ವೀಪದ್ದಕ್ಕೂ ಒಂದೊಂದು ರುಚಿ. ನಾಹಾದ ಮಾಕಿಶಿ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿ ತುಂಡು ರುಚಿ ನೋಡಿಯೇ ಕೊಳ್ಳಬಹುದು. ಕಡಲೆಕಾಯಿಯ ಹಾಲನ್ನು ಗೆಣಸಿನ ಪಿಷ್ಟದೊಂದಿಗೆ ಕಾಯಿಸಿ ಮಾಡಿದ ‘ಜಿಮಾಮಿ ತೋಫು’ ನಮ್ಮ ಹಾಲುಬಾಯಿಯನ್ನು ನೆನಪಿಸುವಷ್ಟು ಮೃದು; ಮೇಲೆ ಹಾಕುವ ರಸದಲ್ಲಿ ದಾಶಿ ಇದೆಯೇ ಎಂದು ಕೇಳಿ. ನೇರಳೆ ತಿರುಳಿನ ಗೆಣಸನ್ನಂತೂ ಬಿಡಬೇಡಿ. 1605ರ ಸುಮಾರಿಗೆ ಚೀನಾದಿಂದ ಈ ದ್ವೀಪಕ್ಕೆ ಬಂದ ಗೆಣಸೇ ಬರಗಾಲಗಳಲ್ಲಿ ಇಲ್ಲಿನವರ ಹೊಟ್ಟೆ ತುಂಬಿಸಿತು.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗನನ್ನು ಸಮುದ್ರಕ್ಕಿಳಿಸಬಹುದೇ?
– ಅದೇ ಓದುಗರು

ಉತ್ತರ: ಬಲೆ ಕಟ್ಟಿದ, ಕಾವಲುಗಾರರಿರುವ ಕಡಲತೀರದಲ್ಲಿ ಮಾತ್ರ ಇಳಿಸಿ. ಬೇಸಿಗೆಯಲ್ಲಿ ಹಾಬು-ಕುರಾಗೆ ಎಂಬ ವಿಷದ ಲೋಳೆಮೀನು ದಡದ ಹತ್ತಿರದ ತೆಳುನೀರಿಗೇ ಬರುತ್ತದೆ, ನೀರಿನಲ್ಲಿ ಅದು ಕಾಣಿಸುವುದೇ ಇಲ್ಲ. ಅದು ತಾಗಿದರೆ ಉಜ್ಜಬಾರದು. ಧಾರಾಳವಾಗಿ ವಿನೆಗರ್ ಸುರಿದು, ಅಂಟಿದ ಎಳೆಗಳನ್ನು ತೆಗೆದು, ತಂಪು ಒತ್ತಿಟ್ಟು ಕೂಡಲೇ ವೈದ್ಯರ ಬಳಿ ಒಯ್ಯಬೇಕು. ತೋಳು, ಕಾಲು ಮುಚ್ಚುವ ಈಜುಡುಗೆ ಹಾಕಿಸಿದರೆ ಲೋಳೆಮೀನಿನಿಂದಲೂ ಬಿಸಿಲಿನಿಂದಲೂ ರಕ್ಷಣೆ. ಬೆಳಗ್ಗೆ ಹತ್ತರೊಳಗೆ ಆಡಿಸಿ ನೆರಳಿಗೆ ಕರೆತನ್ನಿ.