ಮೇ ತಿಂಗಳ ಮ್ಯೂನಿಕ್‌ನಲ್ಲಿ ಸಸ್ಯಾಹಾರದ ಊಟ

ಮೇ ಕೊನೆಯಲ್ಲಿ ಜರ್ಮನಿಯ ಬವೇರಿಯ ರಾಜ್ಯದ ಮ್ಯೂನಿಕ್‌ಗೆ ಹೋಗುವ ತಮ್ಮ ತಂದೆತಾಯಿಗೆ, ಅವರು ಸಸ್ಯಾಹಾರದ ಜೊತೆಗೆ ಮೊಟ್ಟೆಯನ್ನಷ್ಟೇ ತಿನ್ನುವವರಾದ್ದರಿಂದ, ಬಡಾವಣೆಯ ಬವೇರಿಯನ್ ರೆಸ್ಟೋರೆಂಟಿನಲ್ಲಿ ಊಟ ಸಿಕ್ಕೀತೇ ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ, ಅದರಲ್ಲೂ ಋತುವಿಗೆ ತಕ್ಕಂತೆ ಮೆನು ಬದಲಿಸುವ ಹೊಸ ಬಗೆಯ ಅಡುಗೆಮನೆಯನ್ನು ಆರಿಸಿದರೆ.

ಅವರು ಹೋಗುವುದು ಬಿಳಿ ಆಸ್ಪರಾಗಸ್‌ನ, ಅಲ್ಲಿಯವರು ಷ್ಪಾರ್ಗೆಲ್ ಎನ್ನುವ ಚಿಗುರಿನ ಕಾಲ. ಜೂನ್ 24ರ ಸಂತ ಯೋಹಾನನ ದಿನಕ್ಕೆ ಕೊಯ್ಲು ನಿಲ್ಲಿಸುವುದು ರೂಢಿಯಾದ್ದರಿಂದ, ಮ್ಯೂನಿಕ್‌ನ ಉತ್ತರಕ್ಕಿರುವ ಶ್ರೋಬೆನ್‌ಹೌಸೆನ್ ಸೀಮೆಯ ಈ ಚಿಗುರನ್ನು ಜನ ಆ ಕೆಲವೇ ವಾರಗಳಲ್ಲಿ ಆಸೆಪಟ್ಟು ತಿನ್ನುತ್ತಾರೆ. ಬೇಯಿಸಿದ ಆಲೂಗಡ್ಡೆ ಹಾಗೂ ಬೆಣ್ಣೆ, ಮೊಟ್ಟೆಯ ಹಳದಿ ಸೇರಿದ ಹಾಲಂಡೇಸ್ ಸಾಸ್‌ನೊಂದಿಗೆ ಬಡಿಸುವ ಇದನ್ನು ಅವರು ತಪ್ಪಿಸಿಕೊಳ್ಳಬಾರದೆಂಬುದು ನನ್ನ ಮನಃಪೂರ್ವಕ ಸಲಹೆ. ಹಲವೆಡೆ ಇದರ ಜೊತೆಗೆ ಬಡಿಸುವ ಹ್ಯಾಮ್ (ಹಂದಿಮಾಂಸ) ಬೇಡವೆಂದು ಮಾತ್ರ ಮೊದಲೇ ತಿಳಿಸಬೇಕು.

ಕ್ನ್ಯೋಡೆಲ್ ಎಂಬ ಬ್ರೆಡ್ಡಿನ ಉಂಡೆಗಳು ಅಣಬೆಯ ಕೆನೆಗೊಜ್ಜಿನೊಂದಿಗೆ ಸೊಗಸಾಗಿರುತ್ತವೆ, ಆದರೆ ಕೆಲವೆಡೆ ಅವುಗಳಲ್ಲಿ ಹಂದಿಮಾಂಸದ ಚೂರುಗಳಿರುವುದರಿಂದ ‘ಓನೆ ಷ್ಪೆಕ್?’ (ಹಂದಿಮಾಂಸವಿಲ್ಲದ್ದೇ?) ಎಂದು ಕೇಳುವುದು ಒಳ್ಳೆಯದು. ತಿಳಿಸೂಪುಗಳು ಸಾಮಾನ್ಯವಾಗಿ ದನದ ಮೂಳೆ, ಮಾಂಸ ಕುದಿಸಿದ ನೀರಿನವು, ಅವು ಬೇಡ. ಕೇಸೆಷ್ಪೆಟ್ಸ್‌ಲೆ ಎಂಬ ಚೀಸ್ ಬೆರೆಸಿದ ಮೊಟ್ಟೆ-ಹಿಟ್ಟಿನ ನೂಡಲ್‌ನ ಗಟ್ಟಿ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಹಲವೊಮ್ಮೆ ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದು ತಮ್ಮವರಿಗೆ ಸಮ್ಮತವೇ ಎಂದು ಹೊರಡುವ ಮೊದಲೇ ವಿಚಾರಿಸಿ.

ಋತುವಿಗೆ ತಕ್ಕ ಮೆನುವಿನ ಇಂಥ ರೆಸ್ಟೋರೆಂಟುಗಳು ಹಲವೊಮ್ಮೆ ಚಿಕ್ಕವಾದ್ದರಿಂದ ಸಂಜೆಯ ಊಟಕ್ಕೆ ಮೇಜು ಕಾಯ್ದಿರಿಸಿ.