ಮನೆಯಲ್ಲೇ ಪಿಸಿ ಜೋಡಿಸಲು ಯಾವ ಟೂಲ್ಸ್ ತಗೊಳ್ಳಬೇಕು?

ಸಾಗರದ ಹತ್ತಿರ ಹಳ್ಳಿಯಲ್ಲಿದ್ದೀರಿ. ಪಿಸಿ ನೀವೇ ಜೋಡಿಸಬೇಕು, ಮುಂದೆ ಸಣ್ಣಪುಟ್ಟ ರಿಪೇರಿಯೂ ಮನೆಯಲ್ಲೇ ಆಗಬೇಕು. ಅದಕ್ಕೆ ಆನ್‌ಲೈನ್‌ನಲ್ಲಿ ಸಿಗುವ ನೂರಾರು ಬಿಟ್‌ಗಳ ಕಿಟ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುವವನು. ಆ ಕಿಟ್ ಬೇಡ. ಅದೇ ದುಡ್ಡಿಗೆ ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ವೋಲ್ಟೇಜ್ ಅಳೆಯಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಇವೆರಡೇ ಮುಖ್ಯ.

ಸ್ಕ್ರೂಡ್ರೈವರ್ ಫಿಲಿಪ್ಸ್, ಅಂದರೆ ಪ್ಲಸ್ ಆಕಾರದ ತುದಿಯದು, 2 ನಂಬರಿನದ್ದಿರಲಿ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ), ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಎಲ್ಲಕ್ಕೂ ಹೆಚ್ಚುಕಡಿಮೆ ಇದೊಂದೇ ಸಾಕು. ಕಡ್ಡಿ 150 ಮಿ.ಮೀ. ಉದ್ದವಿದ್ದರೆ ದೊಡ್ಡ ಕೂಲರ್ ಪಕ್ಕದಲ್ಲೂ ಇಳಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ತಪಾರಿಯಾ ಕಂಪನಿಯದ್ದು ಧಾರಾಳ ಆಯ್ತು. ತಗೊಳ್ಳುವಾಗ ಜೇಬಿನಲ್ಲಿ ಒಂದು ಕ್ಯಾಬಿನೆಟ್ ಸ್ಕ್ರೂ ಇಟ್ಟುಕೊಂಡು ಹೋಗಿ. ಅದನ್ನು ತುದಿಗೆ ಒತ್ತಿ ಕೂರಿಸಿ, ಬೆರಳಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿ. ಲಟಲಟ ಅಂದರೆ ಬೇಡ, ಬೇರೆ ಕೇಳಿ. ಸಡಿಲ ತುದಿಯೇ ಸ್ಕ್ರೂ ತಲೆಯನ್ನು ತಿಂದುಹಾಕುವುದು. ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಒಳ್ಳೆಯದೇ. ಅಷ್ಟು ಸಣ್ಣ ಮ್ಯಾಗ್ನೆಟ್‌ನಿಂದ ಎಸ್‌ಎಸ್‌ಡಿಗಾಗಲಿ ಹಾರ್ಡ್‌ಡಿಸ್ಕ್‌ಗಾಗಲಿ ಏನೂ ಆಗುವುದಿಲ್ಲ.

ಸ್ಕ್ರೂಗಳಲ್ಲೇ ಎರಡು ಜಾತಿ ಇದೆ, ಇದನ್ನು ಮೊದಲೇ ತಿಳಿದುಕೊಳ್ಳಿ. ಎಸ್‌ಎಂಪಿಎಸ್‌ಗೆ, ದೊಡ್ಡ ಹಾರ್ಡ್‌ಡಿಸ್ಕ್‌ಗೆ ಹಾಕುವುದು 6-32, ಅಂದರೆ ಇಂಚಿಗೆ 32 ಸುತ್ತು. 2.5 ಇಂಚಿನ ಎಸ್‌ಎಸ್‌ಡಿಗೆ ಹಾಕುವುದು ಎಂ3, ಅದರ ಥ್ರೆಡ್ ಇನ್ನೂ ಸಣ್ಣ, ಒಂದು ಸುತ್ತಿಗೆ 0.5 ಮಿ.ಮೀ. ಎರಡನ್ನೂ ಪಕ್ಕಪಕ್ಕ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಯಾವ ಸ್ಕ್ರೂ ಆದರೂ ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಹೋಗಲಿಲ್ಲವೆಂದರೆ ಬಲ ಹಾಕಬೇಡಿ, ಅದು ಅಲ್ಲಿಯ ಸ್ಕ್ರೂ ಅಲ್ಲ. ಮದರ್‌ಬೋರ್ಡ್ ಮೇಲೆಯೇ ಕೂರುವ ಎಂ.2 ಎಸ್‌ಎಸ್‌ಡಿಯ ಪುಟಾಣಿ ಸ್ಕ್ರೂಗೆ ಮಾತ್ರ 0 ಅಥವಾ 1 ನಂಬರಿನ ಸಣ್ಣದೊಂದು ಬೇಕು. ನೋಸ್ ಪ್ಲೈಯರ್, ಚಿಮುಟ, ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಅನುಕೂಲ. ಸೋಲ್ಡರಿಂಗ್ ಐರನ್ ಈಗಲೇ ಬೇಡ.

ಇನ್ನು ಮಲ್ಟಿಮೀಟರ್. ಪಿಸಿ ಆನ್ ಆಗದಿದ್ದರೆ ಸುಮ್ನೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಕೂರುವುದನ್ನು ಇದು ತಪ್ಪಿಸುತ್ತದೆ. ಎಸ್‌ಎಂಪಿಎಸ್ ನೋಡುವುದು ಹೀಗೆ: ಪ್ಲಗ್ ತೆಗೆದು, ಪಿಸಿಯ ಎಲ್ಲ ಪಾರ್ಟ್‌ಗಳಿಂದ ಅದರ ವೈರ್ ಬಿಚ್ಚಿ. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರಿಗೂ ಯಾವುದಾದರೂ ಒಂದು ಕಪ್ಪು ವೈರಿಗೂ ತಂತಿಯ ತುಂಡೊಂದನ್ನು ಸಿಕ್ಕಿಸಿ. ಆಮೇಲೆ ಕರೆಂಟ್ ಕೊಡಿ. ಫ್ಯಾನ್ ತಿರುಗಿದ ಮೇಲೆ ಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಹಿಡಿಯಿರಿ. ಕೆಂಪು ಕಡ್ಡಿಯನ್ನು ಹಿಡಿದಾಗ ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪು ವೈರಿನಲ್ಲಿ 4.75ರಿಂದ 5.25, ಕಿತ್ತಳೆ ವೈರಿನಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ವೈರೆಲ್ಲ ಕಪ್ಪೇ ಇರುತ್ತದೆ, ಆಗ ಪಿನ್ ನಂಬರ್ ನೋಡಬೇಕು, ಹಸಿರಿನ ಜಾಗ 16. ಇದರಲ್ಲಿ ಪಾಸಾದರೂ ಲೋಡ್ ಬಿದ್ದಾಗ ಕೈಕೊಡುವುದುಂಟು, ಆದರೆ ಫೇಲಾದರೆ ಅನುಮಾನವೇ ಇಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ನಮ್ಮ ಕಡೆ ಇನ್ನೊಂದು ತೊಂದರೆ ಜಾಸ್ತಿ ನೋಡುತ್ತೇನೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಪಿಸಿ ಸರಿಯಾಗೇ ಇರುತ್ತದೆ, ಹಳೇ ಮನೆಯ ಸಾಕೆಟ್ಟಿಗೆ ಅರ್ಥಿಂಗೇ ಬಂದಿರುವುದಿಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರ್‌ಗಳು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಕ್ಯಾಬಿನೆಟ್ಟನ್ನು ಹಿಡಿದಿರುವುದರಿಂದ, ಅರ್ಥ್ ಇಲ್ಲದಿದ್ದರೆ ಅದರ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ಕಾಣುತ್ತದೆ. ಕರೆಂಟ್ ತೀರಾ ಕಡಿಮೆ, ಆದರೂ ಹಾಗೇ ಬಿಡುವಂಥದ್ದಲ್ಲ. ಪಿಸಿ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಿ. ಸಿಡಿಲು ಗುಡುಗಿದ ದಿನ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಎರಡನ್ನೂ ಕಿತ್ತಿಡಿ. ರೂಟರ್ ವೈರಿನಿಂದ ಬಂದು ಮದರ್‌ಬೋರ್ಡ್ ಹೋಗುವುದೂ ಉಂಟು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೂಲ್ಸ್‌ಗೆ ತುಕ್ಕು ಹಿಡಿಯುತ್ತದೆ, ಗೊತ್ತಲ್ವಾ. ಹೊಲಿಗೆ ಮೆಷಿನ್ ಎಣ್ಣೆ ಒರೆಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ರ‍್ಯಾಮ್ ಮುಟ್ಟುವ ಮುಂಚೆ ಆ ಎಣ್ಣೆ ಕೈ ತೊಳೆದುಕೊಳ್ಳಿ. ಸ್ಟ್ಯಾಟಿಕ್ ಕಾಟ, ಅಂದರೆ ಮೈಯಲ್ಲಿ ಸೇರಿದ ಕರೆಂಟ್ ಪಾರ್ಟ್‌ಗೆ ತಾಗುವುದು, ಮಳೆಗಾಲದಲ್ಲಿ ಕಡಿಮೆ, ಗಾಳಿ ಒಣಗಿದ ಜನವರಿ, ಫೆಬ್ರವರಿಯಲ್ಲಿ ಜಾಸ್ತಿ. ಆಗ ಮಣಿಕಟ್ಟಿನ ಸ್ಟ್ರ್ಯಾಪ್ ಹಾಕಿಕೊಂಡು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ಕ್ಲಿಪ್ ಮಾಡಿ. ಧೂಳು ತೆಗೆಯಲು ಬ್ಲೋವರ್ ಹಿಡಿದರೆ ಫ್ಯಾನನ್ನು ಬೆರಳಲ್ಲಿ ತಡೆದು ಹಿಡಿಯಿರಿ. ಜೋರಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ.

ಒಂದು ವೇಳೆ ಸೆಕೆಂಡ್ ಹ್ಯಾಂಡ್ ಎಚ್‌ಪಿ ಆಫೀಸ್ ಡೆಸ್ಕ್‌ಟಾಪ್ ತಗೊಳ್ಳುವ ಯೋಚನೆ ಇದ್ದರೆ ಟಾರ್ಕ್ಸ್ ಟಿ15 ಒಂದು ಸೇರಿಸಿಕೊಳ್ಳಿ. ಅವುಗಳ ಸ್ಕ್ರೂ ಬಹಳಷ್ಟು ಆರು ಮೂಲೆಯವು. ಹಳೇ ಬ್ರಾಂಡೆಡ್ ಮೆಷಿನ್ನುಗಳ ಎಸ್‌ಎಂಪಿಎಸ್ ಕನೆಕ್ಟರ್ ಬೇರೆ ಥರ ಇರಬಹುದು. 24 ಪಿನ್ ಇಲ್ಲದಿದ್ದರೆ ನಾನು ಮೇಲೆ ಹೇಳಿದ ಹಸಿರು-ಕಪ್ಪು ವೈರಿನ ಪರೀಕ್ಷೆ ಅಲ್ಲಿ ಮಾಡಬೇಡಿ.