ಐಯುಸಿಎನ್ ಮುಖ್ಯಸ್ಥರಾಗಲು ಜೀವಶಾಸ್ತ್ರ ಓದಿರಲೇಬೇಕಾ?

ಐಯುಸಿಎನ್, ಅಂದ್ರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದಂಥ ಸಂಸ್ಥೆ ನಡೆಸೋಕೆ ಜೀವಶಾಸ್ತ್ರದ ಪದವಿ ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಇಂಗರ್ ಆಂಡರ್ಸನ್ ಅವರನ್ನೇ ನೋಡಿ. ಡೆನ್ಮಾರ್ಕ್‌ನವರು, ಅರ್ಥಶಾಸ್ತ್ರ ಓದಿದವರು. ವಿಶ್ವಸಂಸ್ಥೆಯಲ್ಲಿ ಬರ, ಮರುಭೂಮಿ ಹರಡುವಿಕೆಯ ಕೆಲಸ ಮಾಡಿ, ಆಮೇಲೆ ವಿಶ್ವಬ್ಯಾಂಕ್ ಸೇರಿ ಅಲ್ಲಿ ಉಪಾಧ್ಯಕ್ಷೆಯಾಗಿ, 2015ರಲ್ಲಿ ಐಯುಸಿಎನ್‌ಗೆ ಮಹಾನಿರ್ದೇಶಕಿಯಾಗಿ ಬಂದರು. 2019ರಲ್ಲಿ ನೈರೋಬಿಯಲ್ಲಿರುವ ಯುಎನ್‌ಇಪಿಗೆ, ಅಂದ್ರೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮಕ್ಕೆ ಹೋದರು.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಐಯುಸಿಎನ್‌ನ ಕೆಂಪು ಪಟ್ಟಿಗೆ ಲೆಕ್ಕ ಹಾಕೋಕೆ ಸಾವಿರಾರು ತಜ್ಞರು ಇದ್ದಾರೆ, ಅದೂ ಹೆಚ್ಚಿನವರು ಸಂಬಳವಿಲ್ಲದೆ. ಮುಖ್ಯಸ್ಥರ ತಲೆನೋವೇ ಬೇರೆ. ಇಲ್ಲಿ ಸರ್ಕಾರಗಳೂ ಸದಸ್ಯರು, ಅವುಗಳನ್ನೇ ಟೀಕಿಸುವ ಸಂಘಟನೆಗಳೂ ಸದಸ್ಯರು, ಇಬ್ಬರೂ ಒಂದೇ ಸಭೆಯಲ್ಲಿ ಮತ ಹಾಕ್ತಾರೆ! ಅವರನ್ನೆಲ್ಲ ಒಪ್ಪಿಸಬೇಕು, ದುಡ್ಡೂ ತರಬೇಕು. ಅಲ್ಲಿ ಬಜೆಟ್ ಓದೋಕೆ ಬರೋದೇ ಜಾಸ್ತಿ ಉಪಯೋಗ ಅಲ್ವಾ?